ಬಿಟ್ಟುಹೋದವಳ ಮಾತಿಗೆ ಆಮೆನ್

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇಷ್ಟು ಹೇಳಿದರೆ ನನ್ನ ಬರಹ ಮುಗಿದಂತೆಯೇ. ಆದರೆ ಮೊಮ್ಮಕ್ಕಳು ಎಲ್ಲರಿಗೂ ಹುಟ್ಟುತ್ತವೆ, ಇವಳಲ್ಲೇನು ಹೆಚ್ಚಿನದು ಎಂದು ಯಾರಾದರೂ ಕೇಳಿಯಾರು. ಹೆಚ್ಚಿನದು ಇದೆ. ಅವಳನ್ನು ಹೊತ್ತುಕೊಂಡು ಅವಳ ತಾಯಿ ನಮ್ಮ ಮನೆಗೆ ಬಂದಳು. ಬೆಟಗೇರಿಯ ಈ ಓಣಿಗೆ, ನಾನು ಮಗ್ಗದವರಿಗೆ ನೂಲು ಸುತ್ತಿಕೊಡುತ್ತ ಮುದುಕಿಯಾದ ಈ ಮನೆಗೆ ಅವಳು ಮತ್ತೆ ಬರುತ್ತಾಳೋ ಇಲ್ಲವೋ ಎಂದು ನಾನು ಎಷ್ಟು ಹಂಬಲಿಸಿದ್ದೆ ಎಂಬುದನ್ನು ಹೇಳದೆ ನನ್ನ ಈಗಿನ ಸಂತೋಷ ಯಾರಿಗೂ ತಿಳಿಯುವುದಿಲ್ಲ. ನಾನು ಮೂರನೆಯ ಇಯತ್ತೆಯವರೆಗೆ ಕಲಿತವಳು. ಹಿಗ್ಗಿನಲ್ಲಿ ಬರೆಯುತ್ತಿದ್ದೇನೆ. ಹಿಂದಿನದು ಮುಂದೆ, ಮುಂದಿನದು ಹಿಂದೆ ಆದರೆ ಓದುವವರು ಸೈರಿಸಿಕೊಳ್ಳಬೇಕು.

ನಮ್ಮದು ಕ್ರೈಸ್ತರ ಮನೆ. ಈ ಕಡೆಯ ನೇಕಾರರಲ್ಲಿ ಕೆಲವರು ನಮ್ಮ ಅಜ್ಜನ ಕಾಲಕ್ಕೇ ಈ ದಾರಿ ಹಿಡಿದರು. ಓಣಿಯ ತುದಿಯಲ್ಲಿ ತಗಡಿನ ಮಾಡಿನ ಒಂದು ಪ್ರಾರ್ಥನಾಲಯವಿದೆ. ದೊಡ್ಡ ಚರ್ಚಲ್ಲ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಜಮಖಾನೆ ಹಾಸಿಕೊಂಡು ಕೂರುತ್ತೇವೆ. ಅಲ್ಲಿಯ ಪಾಸ್ಟರು ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದನ್ನು ಕೇಳಿ ಅವರನ್ನು ಯಾರೂ ಕೆಟ್ಟವರೆಂದು ತಿಳಿಯಬಾರದು. ನನ್ನ ಯಜಮಾನರು ಕಾಮಾಲೆಯಾಗಿ ಮಲಗಿದ್ದಾಗ ದವಾಖಾನೆಯ ಬೆಂಚಿನ ಮೇಲೆ ಬಂದು ಕೂತವರು ಅವರೇ. ನಳಕ್ಕೆ ನೀರು ಬರದ ಬೇಸಿಗೆಯಲ್ಲಿ ಬೈಕಿಗೆ ಕೊಡ ಕಟ್ಟಿಕೊಂಡು ಮುದುಕಿಯರ ಮನೆಮನೆಗೆ ನೀರು ಮುಟ್ಟಿಸಿದವರೂ ಅವರೇ. ಅಂಥವರ ಮಾತು ನಮಗೆ ನಡೆಯುತ್ತಿತ್ತು.

ಅವರಲ್ಲಿ ಒಂದು ರೂಢಿ ಇತ್ತು. ಅದು ರೂಢಿ ಎಂದು ನಮಗೆ ಬಹಳ ವರ್ಷ ಗೊತ್ತೇ ಆಗಲಿಲ್ಲ. ಸಭೆ ಬಿಟ್ಟುಹೋದವರು ಯಾರಾದರೂ ಹೊರಗೆ ನಿಂತು ಒಂದು ಮಾತು ಆಡಿದರೆ, ಪಾಸ್ಟರು ಅದಕ್ಕೆ ಉತ್ತರ ಕೊಡುತ್ತಿರಲಿಲ್ಲ, ಸಿಟ್ಟಿಗೂ ಏಳುತ್ತಿರಲಿಲ್ಲ. ಮುಂದಿನ ಕೂಟದಲ್ಲಿ ಅವರ ಸಲುವಾಗಿ ಪ್ರಾರ್ಥನೆ ಇಡುತ್ತಿದ್ದರು. ಸಭೆಯಲ್ಲಿ ಎಲ್ಲವನ್ನೂ ಒಬ್ಬರೇ ಯಾಕೆ ನಿರ್ಧರಿಸುತ್ತೀರಿ ಎಂದು ಕೇಳಿ ಬಿಟ್ಟುಹೋದ ಮುಂಡರಗಿಯ ಮಾಸ್ತರರಿಗೆ ಗರ್ವ ಇಳಿಯಲಿ ಎಂದು ಪ್ರಾರ್ಥಿಸಿದೆವು. ಶಿರಹಟ್ಟಿಯ ಒಬ್ಬ ತರುಣ ಏನೋ ಕೇಳಿ ಹೋದ. ಅವನನ್ನು ಲೋಕದ ಆಸೆಯಿಂದ ಬಿಡಿಸು ಎಂದು ಪ್ರಾರ್ಥಿಸಿದೆವು. ಒಮ್ಮೆ ಹಾಗೆ ಪ್ರಾರ್ಥನೆ ಆಯಿತೆಂದರೆ ಆ ಮನುಷ್ಯ ನಮ್ಮ ಕಣ್ಣಿಗೆ ಒಂದು ನಮೂನೆಯ ರೋಗಿಯೇ. ರೋಗಿ ಜ್ವರದಲ್ಲಿ ಆಡಿದ ಮಾತನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಅವರು ಕೇಳಿದ್ದೇನು ಎಂಬುದು ಹೋಗಿ, ಅವರಿಗೆ ಆಗಿರುವುದೇನು ಎಂಬುದಷ್ಟೇ ನಮ್ಮ ಮಾತಾಗುತ್ತಿತ್ತು. ಶಿರಹಟ್ಟಿಯ ಆ ತರುಣ ಕೇಳಿದ್ದು ಏನೆಂದು ನನಗೆ ಈಗಲೂ ಗೊತ್ತಿಲ್ಲ ನೋಡಿ.

ನನ್ನ ಮಗಳನ್ನು ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದೇವೆ. ಅಳಿಯನದು ಅಲ್ಲಿ ಹೊಲಿಗೆ ಅಂಗಡಿ. ಮದುವೆಯಾದ ಮೇಲೆ ಮೊದಲನೆಯ ಬಸಿರು ನಿಲ್ಲಲಿಲ್ಲ. ಸುಧಾರಿಸಿಕೊಳ್ಳಲೆಂದು ಅವಳು ನನ್ನ ಹತ್ತಿರ ಬಂದಿದ್ದಳು. ಪಾಸ್ಟರು ಮನೆ ಪ್ರಾರ್ಥನೆಗೆ ಬಂದರು. ಅವರು ಬಲು ಮೆತ್ತಗೆ ಕೇಳುತ್ತಾರೆ, ಎದುರಿಗಿದ್ದವರ ಎದೆಯಲ್ಲಿದ್ದುದೆಲ್ಲ ಹೊರಗೆ ಬರುತ್ತದೆ. ನನ್ನ ಮಗಳು ಅತ್ತಳು. ದೇವರ ಮೇಲೆ ಸಿಟ್ಟು ಬಂದಿದೆ, ಪ್ರಾರ್ಥನೆಗೆ ಕೂತರೆ ಬಾಯಿಯೇ ತೆರೆಯುವುದಿಲ್ಲ ಎಂದು ಹೇಳಿದಳು. ನನಗೂ ಹೇಳಿರಲಿಲ್ಲ ಅದನ್ನು. ನಾನು ಒಳಗೆ ಚಹಾ ಸೋಸುತ್ತಿದ್ದವಳು ಕೇಳಿಸಿಕೊಂಡು ಅಲ್ಲೇ ನಿಂತೆ.

ಅದರ ಮುಂದಿನ ಆದಿತ್ಯವಾರ ಪಾಸ್ಟರು ಪ್ರಸಂಗ ಮಾಡಿದರು. ನಂಬಿಕೆಯ ವಿಷಯ. ನಡುವೆ, ಹೆಸರು ಹೇಳುವುದಿಲ್ಲ ಎನ್ನುತ್ತಲೇ, ನಮ್ಮಲ್ಲಿ ಒಬ್ಬ ಸಹೋದರಿ ಇದ್ದಾಳೆ, ಕೂಸು ಕಳೆದುಕೊಂಡಿದ್ದಾಳೆ, ಆದರೆ ಪ್ರಾರ್ಥನೆಗೆ ಬಾಯಿ ತೆರೆಯುವುದಿಲ್ಲ ಎನ್ನುತ್ತಾಳೆ, ಬಾಯಿ ತೆರೆಯದವರ ಉಡಿಯನ್ನು ಕರ್ತನು ಹೇಗೆ ತುಂಬಿಸ್ಯಾನು ಎಂದರು. ಹೆಂಗಸರ ಕಡೆಯ ಜಮಖಾನೆಯಲ್ಲಿ ಕೂತವರೆಲ್ಲ ತಿರುಗಿ ನಮ್ಮನ್ನು ನೋಡಿದರು. ಕೂಸು ಕಳೆದುಕೊಂಡು ತವರಿಗೆ ಬಂದವಳು ಆ ತಗಡಿನ ಕೆಳಗೆ ಬೇರೆ ಯಾರಿದ್ದರು?

ಸಭೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿರುವಾಗ ಮಗಳು ಪಾಸ್ಟರ ಎದುರಿಗೆ ಹೋಗಿ ನಿಂತಳು. ದನಿ ಏರಿಸಲಿಲ್ಲ.

"ಮನ್ಯಾಗ ಕುಂತು ಅತ್ತಿದ್ದನ್ನ ಸಭೆಯಾಗ ಯಾಕ ಹೇಳಿದ್ರಿ?"

ಪಾಸ್ಟರು ನಕ್ಕರು. "ಹೆಸರ ಹೇಳಿಲ್ಲಲ್ಲ ತಂಗಿ."

"ಹೆಸರೊಂದು ಬಿಟ್ಟು ಉಳದದ್ದೆಲ್ಲಾ ಹೇಳಿದ್ರಿ."

ಅವರು ಅವಳ ತಲೆಯ ಮೇಲೆ ಕೈಯಿಟ್ಟು, ನೀನು ಬಹಳ ನೊಂದಿದ್ದೀ, ನಿನ್ನ ಸಲುವಾಗಿ ಪ್ರಾರ್ಥನೆ ಮಾಡುತ್ತೇನೆ ಎಂದರು. ಅವಳು ಆ ಕೈಯ ಕೆಳಗಿನಿಂದ ಸರಿದು ಹೊರಗೆ ನಡೆದಳು. ಆಮೇಲೆ ಆ ಬಾಗಿಲು ತುಳಿಯಲಿಲ್ಲ.

ಲಕ್ಷ್ಮೇಶ್ವರಕ್ಕೆ ಹೋದ ಮೇಲೆ ಅವಳು ಸುಮ್ಮನಿರಲಿಲ್ಲ. ಕೇಳಿದವರಿಗೆಲ್ಲ ನಡೆದದ್ದನ್ನು ನಡೆದಂತೆ ಹೇಳಿದಳು. ಆ ಮಾತು ಬಸ್ಸು ಹತ್ತಿ ಬೆಟಗೇರಿಗೆ ಬಂತು. ಇಲ್ಲಿ ನಾವು ಪ್ರತಿ ಶುಕ್ರವಾರ, ಹೆಂಗಸರ ಉಪವಾಸ ಪ್ರಾರ್ಥನೆಯಲ್ಲಿ, ಅವಳ ಹೃದಯದ ಕಹಿ ತೆಗೆದುಹಾಕು ಎಂದು ಬೇಡತೊಡಗಿದೆವು. ಸಭೆಯೊಳಗೆ ಇರುವವರೆಲ್ಲ ಸಂತೋಷವಾಗಿದ್ದಾರೆ, ಹೊರಗೆ ಹೋದವರು ಮಾತ್ರ ಯಾಕೆ ದೂರುತ್ತಾರೆ ಎಂದು ಪಾಸ್ಟರು ಕೇಳುತ್ತಿದ್ದರು. ಕೇಳಿದರೆ ಸರಿ ಎನ್ನಿಸುತ್ತಿತ್ತು. ಮನೆಗೆ ಬಂದು ಅದನ್ನೇ ಹೇಳಿದಾಗ ಯಜಮಾನರು ಹೊಗೆಸೊಪ್ಪು ತಿಕ್ಕುತ್ತ ಅಂದರು: "ದೂರಿದಾವ್ರನ್ನ ಒಳಗ ಇಟ್ಕೊಂಡ್ರ ತಾನ ಒಳಗಿನಾವ್ರು ದೂರೋದು?" ಅವರು ಸಭೆಗೆ ಬರುವುದು ಹಬ್ಬಕ್ಕೆ ಮಾತ್ರ, ಅದಕ್ಕೇ ಹೀಗೆ ಮಾತಾಡುತ್ತಾರೆ ಎಂದು ನಾನು ಒಳಗೆ ಹೋದೆ. ಆದರೆ ಆ ಮಾತು ನನ್ನ ಹಿಂದೆಯೇ ಒಳಗೆ ಬಂತು.

ಹಾಗಿರುವಾಗ ದೇವರು ಕಣ್ಣು ತೆರೆದ. ಮಗಳು ಮತ್ತೆ ಬಸುರಿಯಾದಳು. ಈ ಸಲ ಬಸಿರು ನಿಂತಿತು. ನಾನು ಓಣಿಯಲ್ಲಿ ನಡೆಯುತ್ತಿರಲಿಲ್ಲ, ಹಾರುತ್ತಿದ್ದೆ. ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನದು. ತುಂಬುತಿಂಗಳ ಮುಂಚೆ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಬಳೆ ಇಡಿಸಿ ಮಗಳನ್ನು ಕರೆತರಬೇಕು. ನಾವು ಕ್ರೈಸ್ತರೂ ಇದನ್ನು ಬಿಟ್ಟಿಲ್ಲ, ನಡುವೆ ಒಂದು ಪ್ರಾರ್ಥನೆ ಸೇರಿಸಿಕೊಂಡಿದ್ದೇವೆ ಅಷ್ಟೇ. ನಾನು ಸೀರೆ ತಂದಿಟ್ಟು ಫೋನು ಮಾಡಿದೆ. ಮಗಳು ಬರುವುದಿಲ್ಲ ಎಂದಳು.

ಯಾಕೆ ಎಂದು ಕೇಳಿದೆ. ಅವಳು ಹೇಳಿದಳು:

"ಯವ್ವಾ, ನಿನ್ನ ಮನೀಗೆ ಬಂದ್ರ ಓಣಿಯಾಗಿನ ಮಂದಿಯೆಲ್ಲಾ ನನ್ನ ನೋಡಾಕ ಬರತೈತಿ. ಅವರೆಲ್ಲಾ ನನಗ ಏನೋ ಆಗೇತಿ ಅಂತ ಪ್ರಾರ್ಥನಿ ಮಾಡಿದಾವ್ರು. ಆ ಕಣ್ಣು ನನ್ನ ಕೂಸಿನ ಮ್ಯಾಲೆ ಬೀಳೋದು ನನಗ ಬ್ಯಾಡ."

ಬಾಣಂತನ ಲಕ್ಷ್ಮೇಶ್ವರದಲ್ಲೇ ಆಗಲಿ, ನೀನೇ ಇಲ್ಲಿಗೆ ಬಂದಿರು ಎಂದಳು. ಅಳಿಯನ ಮನೆ ಅಂಗಡಿಯ ಹಿಂದಿನ ಒಂದೇ ಕೋಣೆ, ಅದರಲ್ಲೂ ಅರ್ಧ ಹೊಲಿಗೆ ಯಂತ್ರವೇ ಇದೆ. ಅದಲ್ಲ ನನ್ನ ದುಃಖ. ನನ್ನ ಮಗಳಿಗೆ ತನ್ನ ತವರಿನ ಹೊಸ್ತಿಲು ದಾಟಲು ಹೆದರಿಕೆಯಾಗುವಂತೆ ಆಗಿದೆಯಲ್ಲ ಎಂಬುದು.

ಆ ಶುಕ್ರವಾರ ಉಪವಾಸ ಪ್ರಾರ್ಥನೆಗೆ ಹೋದೆ. ಪಾಸ್ಟರು ಪ್ರಾರ್ಥನೆಯ ವಿಷಯಗಳನ್ನು ಹೇಳುತ್ತ, ಲಕ್ಷ್ಮೇಶ್ವರದ ನಮ್ಮ ಸಹೋದರಿಗೆ ಕರ್ತನು ಬಸಿರು ಕೊಟ್ಟಿದ್ದಾನೆ, ಹೃದಯ ಮಾತ್ರ ಇನ್ನೂ ಕಹಿಯಾಗಿದೆ, ಇವತ್ತು ಅವಳ ತಾಯಿಯೇ ಅವಳಿಗಾಗಿ ಬೇಡಲಿ ಎಂದರು. ನಾನು ಗಟ್ಟಿಯಾಗಿ ಪ್ರಾರ್ಥನೆ ಮಾಡುವವಳಲ್ಲ. ಬೇರೆಯವರಂತೆ ಪುಸ್ತಕದ ಮಾತು ನನಗೆ ಬರುವುದಿಲ್ಲ. ಆದರೆ ಕೇಳಿದ ಮೇಲೆ ಇಲ್ಲ ಎನ್ನಲಾದೀತೇ? ಸೆರಗು ಹೊದ್ದು ಮೊಣಕಾಲೂರಿದೆ. ಎಲ್ಲರೂ ಕಣ್ಣು ಮುಚ್ಚಿದರು.

ನಮ್ಮಲ್ಲಿ ಒಂದು ಪದ್ಧತಿ. ಪ್ರಾರ್ಥನೆ ಮಾಡುವವರು ಒಂದು ಮಾತು ಮುಗಿಸಿ ಉಸಿರು ತೆಗೆದುಕೊಳ್ಳುವಾಗ ಉಳಿದವರು ಆಮೆನ್ ಎನ್ನಬೇಕು. ನಡುವೆ ಯಾರೂ ಬಾಯಿ ಹಾಕುವಂತಿಲ್ಲ, ಪಾಸ್ಟರೂ ಕೂಡ. ನಮ್ಮ ಎದುರುಮನೆಯ ಅಜ್ಜಿಯಂತೂ ಮಾತು ಮುಗಿಯುವ ಮೊದಲೇ ಆಮೆನ್ ಹೇಳುವವಳು, ಅವಳ ದನಿಗೆ ತಗಡು ಝಣ್ ಎನ್ನುತ್ತದೆ. ನನಗೆ ತಿಳಿದಿದ್ದು ಇಷ್ಟೇ: ದೇವರ ಹತ್ತಿರ ಒಂದು ಕೇಳುವ ಮೊದಲು ವಿಷಯ ಏನೆಂದು ಬುಡದಿಂದ ಹೇಳಬೇಕು. ದವಾಖಾನೆಯಲ್ಲಿ ಡಾಕ್ಟರರಿಗೆ ಹಾಗೆ ಹೇಳುವುದಿಲ್ಲವೇ? ಹಾಗೆಯೇ ಶುರು ಮಾಡಿದೆ.

"ಕರ್ತನೇ, ನಿನಗ ಸ್ತೋತ್ರ. ನನ್ನ ಮಗಳು ಬಸರಿ ಅದಾಳ."

ಎಲ್ಲರೂ ಆಮೆನ್ ಎಂದರು.

"ಅಕಿ ತವರಿಗೆ ಬರಾಕ ಒಲ್ಲೆ ಅಂತಾಳ. ಅಕಿಗೆ ಸಿಟ್ಟೈತಿ ಅಂತ ಇಲ್ಲಿ ನಿನಗ ಹೇಳ್ಯಾರ. ಸಿಟ್ಟು ಖರೆ ಐತಿ."

"ಆಮೆನ್."

"ಯಾಕ ಸಿಟ್ಟೈತಿ ಅನ್ನೋದು ನಿನಗ ಯಾರೂ ಹೇಳಿಲ್ಲ. ಸಿಟ್ಟು ತಗಿ ಅಂತಷ್ಟ ಕೇಳ್ಯಾರ."

"ಆಮೆನ್."

"ಅಕಿ ಮನ್ಯಾಗ ಅತ್ತು ಹೇಳಿದ್ದನ್ನ ಪಾಸ್ಟರ್ರು ಸಭೆಯಾಗ ಹೇಳಿದ್ರು. ಕೂಸು ಹೋಗಿದ್ದು ಅಕಿ ತಪ್ಪಿನಿಂದ ಅನ್ನೋಹಂಗ ಹೇಳಿದ್ರು."

ಎದುರುಮನೆಯ ಅಜ್ಜಿಯ ಆಮೆನ್ ಆಗಲೇ ಹೋಗಿ ತಗಡಿಗೆ ಬಡಿದಿತ್ತು. ಅದರ ಹಿಂದೆ ಉಳಿದವರದೂ ಹೋಯಿತು, ರೂಢಿಯಲ್ಲಿ. ಆಮೇಲೆ ಜಮಖಾನೆಯ ಮೇಲೆ ಒಂದು ನಮೂನೆಯ ಮಿಸುಕಾಟ. ನಾನು ಏನು ಹೇಳುತ್ತಿದ್ದೇನೆ ಎಂಬುದು ನನಗೂ ಆಗ ಕೇಳಿಸಿತು. ಆದರೆ ಪ್ರಾರ್ಥನೆಯನ್ನು ನಡುವೆ ಬಿಟ್ಟು ಏಳುವ ಪದ್ಧತಿಯೂ ನಮ್ಮಲ್ಲಿಲ್ಲ. ಮುಗಿಸಲೇಬೇಕಿತ್ತು.

"ಹಂಗ ಹೇಳಬಾರದಿತ್ತು ಕರ್ತನೇ. ಅಕಿ ಕೇಳಿದ್ದು ಅದೊಂದ. ಅದಕ್ಕ ಉತ್ತರಾ ಸಿಗಲಿ. ನನ್ನ ಮಗಳು ಮನೀಗೆ ಬರಲಿ."

ಯಾರೂ ಉಸಿರೆತ್ತಲಿಲ್ಲ. ಅಜ್ಜಿ ಕೂಡ. ಮಾಡಿನ ಮೇಲೆ ಒಂದು ಕಾಗೆ ನಡೆಯುವುದು ಕೇಳಿಸುತ್ತಿತ್ತು. ಆಗ ಮುಂದಿನ ಸಾಲಿನಿಂದ ಒಂದು ಸಣ್ಣ ದನಿ ಆಮೆನ್ ಎಂದಿತು. ಪಾಸ್ಟರ ಹೆಂಡತಿಯದು. ರೂಢಿಯ ಆಮೆನ್ ಅಲ್ಲ ಅದು. ಪೂರ್ತಿ ಕೇಳಿ, ತಡೆದು, ಆಮೇಲೆ ಹೇಳಿದ್ದು.

ಕಣ್ಣು ತೆರೆದಾಗ ಪಾಸ್ಟರ ಮುಖ ಕೆಂಪಾಗಿತ್ತು, ಆದರೂ ನಕ್ಕರು. ತಾಯಿಯ ಮನಸ್ಸು ಬಹಳ ಭಾರವಾಗಿದೆ, ಎಲ್ಲರೂ ಈ ತಾಯಿಯ ಸಲುವಾಗಿ ಪ್ರಾರ್ಥಿಸೋಣ ಎಂದರು. ನಿಂತ ಕಾಲಲ್ಲಿ ನಾನೂ ರೋಗಿಯಾದೆ ನೋಡಿ. ಒಂದಿಬ್ಬರು ಕಣ್ಣು ಮುಚ್ಚಲು ಹೊರಟಿದ್ದರು. ಎದುರುಮನೆಯ ಅಜ್ಜಿ ಮುಚ್ಚಲಿಲ್ಲ.

"ಪಾಸ್ಟರ್ರ, ಇಕಿಗೇನೂ ಆಗಿಲ್ಲರಿ. ಪ್ರಾರ್ಥನಿ ಆತು, ನಾವೆಲ್ಲಾ ಆಮೆನ್ ಅಂದಿವಿ. ಅಂದಿದ್ದನ್ನ ಹೊಳ್ಳಿ ತಗೊಳ್ಳಾಕ ಬರತೈತೇನು? ಈಗ ಉತ್ತರಾ ಕೊಡೋದು ನಿಮ್ಮ ಕಡೆ ಐತ್ರಿ."

ಪಾಸ್ಟರು ಹಾಡು ಹಾಡಿಸಿ ಕೂಟ ಮುಗಿಸಿದರು. ಆದರೆ ಆವತ್ತು ಹೆಂಗಸರು ಬೇಗ ಮನೆಗೆ ಹೋಗಲಿಲ್ಲ. ಹೊರಗೆ ಬೇವಿನ ನೆರಳಿಗೆ ನಿಂತು ಒಬ್ಬೊಬ್ಬರಾಗಿ ಹೇಳಿಕೊಂಡರು. ಒಬ್ಬಳ ಗಂಡನ ಕುಡಿತ, ಇನ್ನೊಬ್ಬಳ ಅತ್ತೆಯ ಜಗಳ, ಎಲ್ಲವೂ ಒಂದಲ್ಲ ಒಂದು ಆದಿತ್ಯವಾರ ಹೆಸರಿಲ್ಲದೆ ಪ್ರಸಂಗದಲ್ಲಿ ಬಂದಿದ್ದವು. ತನ್ನದು ಮಾತ್ರ ಬಂದಿದೆ ಎಂದು ಪ್ರತಿಯೊಬ್ಬಳೂ ನಾಚಿಕೊಂಡು ಸುಮ್ಮನಿದ್ದಳು. ನಗೆಯೂ ಬಂತು, ಅಳುವೂ ಬಂತು. ನನ್ನ ಮಗಳಿಗೆ ಏನೋ ಆಗಿದೆ ಎಂದು ಆ ಮೇಲೆ ಅವರಲ್ಲಿ ಯಾರೂ ಅನ್ನಲಿಲ್ಲ.

ಆ ಆದಿತ್ಯವಾರ ಪಾಸ್ಟರು ಪ್ರಸಂಗದ ಕೊನೆಗೆ, ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ ಕ್ಷಮೆ ಇರಲಿ ಎಂದರು. ನನಗೆ ಅಷ್ಟೇ ಸಾಕಾಗಿತ್ತು. ಕುಣಿಯುತ್ತ ಮನೆಗೆ ಬಂದು ಫೋನು ಮಾಡಿದೆ. ಮಗಳು ಕೇಳಿಸಿಕೊಂಡು, "ಆಗಿದ್ದರ ಅಂದ್ರ ಏನವ್ವಾ? ಆಗೇತಿ. ಅವರಿಗೂ ಗೊತ್ತೈತಿ" ಎಂದಳು. ನನ್ನ ಕುಣಿತ ಅಲ್ಲಿಗೇ ನಿಂತಿತು. ಹಸಿರು ಸೀರೆ ಮಡಿಸಿದ್ದು ಮಡಿಸಿದಂತೆಯೇ ಟ್ರಂಕಿನಲ್ಲಿತ್ತು, ದಿನಗಳು ತುಂಬುತ್ತಿದ್ದವು.

ಆಮೇಲಿನದು ಅಳಿಯ ಹೇಳಿದ್ದು. ಒಂದು ಮಧ್ಯಾಹ್ನ ಅವನು ಅಂಗಡಿಯಲ್ಲಿ ಕತ್ತರಿ ಆಡಿಸುತ್ತಿದ್ದಾಗ ಹೊರಗೆ ಬೈಕು ನಿಂತಿತು. ಪಾಸ್ಟರು, ಹಿಂದೆ ಅವರ ಹೆಂಡತಿ. ಸತ್ಯವೇದದ ಪುಸ್ತಕ ಕೈಯಲ್ಲಿರಲಿಲ್ಲ. ಅಳಿಯ ನೀರು ಕೊಟ್ಟ. ಮಗಳು ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು, ಕೂತುಕೊಳ್ಳಿ ಎನ್ನಲಿಲ್ಲ. ಪಾಸ್ಟರು ಮಾತು ಶುರು ಮಾಡಿದ್ದೇ, ಆ ದಿನ ನಾನು ಹೇಳಿದ ಉದ್ದೇಶ ಏನೆಂದರೆ, ಎಂದು. ಅವರ ಹೆಂಡತಿ ಅವರ ತೋಳು ಮುಟ್ಟಿದರಂತೆ. ಅವರು ನಿಲ್ಲಿಸಿದರು. ನೀರು ಕುಡಿದರು. ಮತ್ತೆ ಮೊದಲಿನಿಂದ ಹೇಳಿದರು.

"ನೀ ನನ್ನ ನಂಬಿ ಹೇಳಿದ್ದನ್ನ ನಾ ಮಂದಿ ಮುಂದ ಹೇಳಿದೆ. ತಪ್ಪು ನಂದು. ನೀ ಕೇಳಿದಾಗ ನಿನಗ ಹುಚ್ಚು ಹಿಡದೈತಿ ಅನ್ನೋಹಂಗ ಮಾಡಿದೆ. ಅದೂ ನಂದ. ಇಷ್ಟ ಹೇಳಾಕ ಬಂದೀನವಾ. ಪ್ರಾರ್ಥನಿ ಮಾಡಾಂಗಿಲ್ಲ, ಹೋಗಿ ಬರ್ತೀನಿ."

ಇದನ್ನು ಸಭೆಯಲ್ಲಿ ಹೇಳುತ್ತೀರಾ ಎಂದು ಮಗಳು ಕೇಳಿದಳು. ಅವರು ನೆಲ ನೋಡುತ್ತ, ಹೇಳುತ್ತೇನೆ ಎಂದರು.

ಹೇಳಿದರು ಕೂಡ. ಮನೆಯಲ್ಲಿ ಕೇಳಿದ್ದನ್ನು ಇಲ್ಲಿ ಹೇಳಿ ತಪ್ಪು ಮಾಡಿದೆ, ಯಾಕೆ ಎಂದು ಕೇಳಿದವಳನ್ನೇ ತಪ್ಪಿತಸ್ಥಳನ್ನಾಗಿ ಮಾಡಿದೆ ಎಂದು ಎಲ್ಲರೆದುರಿಗೆ ಹೇಳಿದರು. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ರೂಢಿ ನೋಡಿ, ಅಲ್ಲಿಂದ ದಾವೀದ ಅರಸನ ಪಶ್ಚಾತ್ತಾಪಕ್ಕೆ ಹೋಗಿ, ಊಟದ ಹೊತ್ತು ಮೀರುವವರೆಗೆ ಪ್ರಸಂಗ ಮಾಡಿದರು. ಹೊರಗೆ ಬರುವಾಗ ಮಂದಿಯೆಲ್ಲ, ಎಂಥ ದೀನತೆ ನಮ್ಮ ಪಾಸ್ಟರದು, ಎಂದು ಕೊಂಡಾಡಿದ್ದೇ ಕೊಂಡಾಡಿದ್ದು. ಇದನ್ನೂ ಬಿಡದೆ ಮಗಳಿಗೆ ಹೇಳಿದೆ, ಹೆದರುತ್ತಲೇ. ಅವಳು ಫೋನಿನಲ್ಲಿ ನಕ್ಕಳು. ಎಷ್ಟು ದಿನವಾಗಿತ್ತು ನಾನು ಆ ನಗೆ ಕೇಳಿ.

"ತಪ್ಪು ಅವರದು, ಹೊಗಳಿಕಿನೂ ಅವರಿಗೆ. ಆಗಲಿ ಬಿಡು. ಯವ್ವಾ, ಸೀರಿ ಯಾವ ಹಸರು ತಂದೀ? ಗಿಳಿ ಹಸರೋ, ಬಾಳಿ ಎಲಿ ಹಸರೋ?"

ನಾನು ಫೋನು ಹಿಡಿದುಕೊಂಡೇ ಟ್ರಂಕು ತೆಗೆದೆ.

ಕುಬಸ ಆಯಿತು. ಗದಗಿನ ದವಾಖಾನೆಯಲ್ಲಿ ಹೆಣ್ಣು ಕೂಸು ಹುಟ್ಟಿತು, ನಮ್ಮ ಮನೆಗೆ ಬಂತು. ಮಗಳು ಸಭೆಗೆ ಮರಳಿಲ್ಲ. ಹೋಗುವ ಮನಸ್ಸೂ ಇಲ್ಲ ಎನ್ನುತ್ತಾಳೆ, ನಾನೂ ಕೇಳುವುದಿಲ್ಲ. ನಾನು ಹೋಗುತ್ತೇನೆ. ಪಾಸ್ಟರು ಈಗ ಪ್ರಸಂಗದಲ್ಲಿ ತಮ್ಮದೇ ಮನೆಯ ಮಾತು ಹೇಳುತ್ತಾರೆ, ಅದೂ ಹೆಂಡತಿಯ ಮುಖ ಒಮ್ಮೆ ನೋಡಿಕೊಂಡು. ಮುಂಡರಗಿಯ ಮಾಸ್ತರರ ಮನೆಗೂ ಒಮ್ಮೆ ಹೋಗಿ ಬಂದರಂತೆ. ಅಲ್ಲಿ ಏನಾಯಿತೋ ಇನ್ನೂ ಸುದ್ದಿಯಿಲ್ಲ.

ಮೊನ್ನೆ ಪಾಸ್ಟರ ಹೆಂಡತಿ ಅಂಟಿನ ಉಂಡೆ ಕಟ್ಟಿಕೊಂಡು ಬಾಣಂತಿಯನ್ನು ನೋಡಲು ಬಂದರು. ಒಬ್ಬರೇ ಬಂದಿದ್ದರು. ಕೂಸನ್ನು ನೋಡಿದರು, ಕೈಗೆ ತೆಗೆದುಕೊಂಡರು, ಮತ್ತೆ ನನಗೆ ಕೊಟ್ಟರು. ಆಮೇಲೆ ಬಾಣಂತಿಯ ಕೋಣೆಯಲ್ಲಿ ಇಬ್ಬರೂ ಕೂತು ಮೆಲ್ಲಗೆ ಮಾತಾಡತೊಡಗಿದರು. ಮೊದಲು ನನ್ನ ಮಗಳು ಹೇಳುತ್ತಾಳೆ ಎಂದುಕೊಂಡೆ. ಹಾಗಲ್ಲ, ಹೇಳುತ್ತಿದ್ದವರು ಅವರು, ಕೇಳುತ್ತಿದ್ದವಳು ಇವಳು. ನಡುವೆ ಮೂಗೊರೆಸಿಕೊಂಡ ಸಪ್ಪಳ ಬಂತು. ಮಗಳು ಎದ್ದು ಬಂದು ಬಾಗಿಲು ಮುಂದೆ ಮಾಡಿಕೊಂಡಳು.

ಅಷ್ಟರಲ್ಲಿ ಎದುರುಮನೆಯ ಅಜ್ಜಿ ಬಂದಳು. ಮುಚ್ಚಿದ ಬಾಗಿಲು ಕಂಡಿತು, ಅವಳ ಕಾಲುಗಳು ತಾವಾಗಿಯೇ ಆ ಕಡೆ ಹೊರಟವು. ಏನಂತೆ ಒಳಗೆ ಎಂದು ಕಣ್ಣಲ್ಲೇ ಕೇಳಿದಳು. ನನಗೇನು ಗೊತ್ತು, ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ. ಅವಳು ಗೋಡೆ ಹಿಡಿದು ಇನ್ನೊಂದು ಹೆಜ್ಜೆ ಇಟ್ಟಳು. ಆಗ ನಾನು, ಇಲ್ಲಿ ಬಾ, ಕೂಡು ಎಂದು ಅವಳನ್ನು ಚಾಪೆಯ ಮೇಲೆ ಕೂರಿಸಿ, ಕಾಲು ಚಾಚಿಸಿ, ಆಗತಾನೆ ಕಣ್ಣು ಮುಚ್ಚಿದ್ದ ಕೂಸನ್ನು ಅವಳ ಕಾಲ ಮೇಲೆ ಮಲಗಿಸಿಬಿಟ್ಟೆ. ನಿದ್ದೆ ಹತ್ತಿದ ಕೂಸನ್ನು ಬಿಟ್ಟು ಯಾರು ಏಳುತ್ತಾರೆ? ಅಜ್ಜಿ ಬಾಗಿಲು ನೋಡಿದಳು, ಕೂಸನ್ನು ನೋಡಿದಳು, ಸೋತು ತೊಡೆ ಅಲ್ಲಾಡಿಸತೊಡಗಿದಳು. ಒಳಗಿನ ಮಾತು ಒಳಗೆ ನಡೆಯಿತು. ನನ್ನ ಮೊಮ್ಮಗಳು ಈ ಮನೆಗೆ ಬಂದು ಮಾಡಿದ ಮೊದಲನೆಯ ಕೆಲಸ ಅದು, ಅದನ್ನೂ ನಿದ್ದೆಯಲ್ಲೇ ಮಾಡಿದಳು.